ಬೇರೆ ಬೇರೆ ಸ್ಕೂಲಿನ ಮಕ್ಕಳ ಫಿಟ್‌ನೆಸ್ ಒಂದೇ ಸಾಫ್ಟ್‌ವೇರಲ್ಲಿ ಇಡೋದು ಹೇಗೆ

ಮೊದ್ಲು ಎಲ್ಲಾ ಸ್ಕೂಲಿನ ಪಿಟಿ ಟೀಚರ್ಸ್ ಕೂತು ಟೆಸ್ಟ್ ಹೇಗೆ ಮಾಡ್ಬೇಕು ಅಂತ ಒಪ್ಕೊಳ್ಳಿ, ಯಾಕಂದ್ರೆ 20 ಮೀಟರ್ ಶಟಲ್ ರನ್ನಲ್ಲಿ (ಬೀಪ್ ಸದ್ದಿಗೆ ಸರಿಯಾಗಿ ಎರಡು ಗೆರೆ ಮಧ್ಯೆ ಹೋಗಿ ಬಂದು ಓಡೋ ಟೆಸ್ಟ್, ಲೆವೆಲ್ ಏರಿದ ಹಾಗೆ ವೇಗ ಜಾಸ್ತಿ ಆಗುತ್ತೆ) ಒಬ್ರು ಲೆವೆಲ್ ಬರೆದು ಇನ್ನೊಬ್ರು ಎಷ್ಟು ಸಲ ಓಡಿದ್ರು ಅಂತ ಬರೆದ್ರೆ ಆಮೇಲೆ ಕಂಪೇರ್ ಮಾಡೋಕೇ ಆಗಲ್ಲ. ಪ್ರತಿ ಮಗುಗೂ ಒಂದು ಐಡಿ ಕೊಡಿ, ಸ್ಕೂಲ್ ಬದಲಾದ್ರೂ ಅದೇ ಇರ್ಲಿ.

ಎತ್ತರ ಸೆಂಟಿಮೀಟರಲ್ಲೇ ಹಾಕ್ಸಿ. ಯಾರಾದ್ರೂ 142 ಬದ್ಲು 1.42 ಅಂತ ಹೊಡೆದ್ರೆ 35 ಕೆಜಿ ಮಗು ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ, ಲಕ್ಷ ದಾಟುತ್ತೆ (ನಗ್ಬೇಡಿ, ಆಗುತ್ತೆ), ಅದಕ್ಕೇ 80ರಿಂದ 220ರ ಆಚೆ ನಂಬರ್ ತಗೊಳ್ದೇ ಇರೋ ಹಾಗೆ ಸೆಟ್ ಮಾಡಿ. ಹುಟ್ಟಿದ ದಿನಾಂಕನೂ ಬೇಕೇಬೇಕು, ಮಕ್ಕಳ ವಯಸ್ಸು, ಗಂಡೋ ಹೆಣ್ಣೋ ನೋಡ್ದೆ ಬಿಎಂಐ ಓದಿದ್ರೆ ಅರ್ಥನೇ ಇಲ್ಲ.

ಲಾಗಿನ್ ಕೊಡೋವಾಗ ಟೀಚರ್‌ಗೆ ಅವ್ರ ಸ್ಕೂಲ್ ಡೇಟಾ ಮಾತ್ರ ಕಾಣ್ಲಿ. ರ‍್ಯಾಂಕ್ ಲಿಸ್ಟ್ ಮಾತ್ರ ದಯವಿಟ್ಟು ಗೋಡೆಗೆ ಅಂಟಿಸ್ಬೇಡಿ.