ಯುಗಾದಿ ಊಟಕ್ಕೆ ಇಪ್ಪತ್ತೈದು ಜನ: ಏನು ಬಡಿಸಬೇಕು, ಏನು ಕುಡಿಯಲು ಕೊಡಬೇಕು

ಯುಗಾದಿಯ ಊಟಕ್ಕೆ ನೆಂಟರಿಷ್ಟರನ್ನು ಕರೆದವರು ಸಾಮಾನ್ಯವಾಗಿ ಹೋಳಿಗೆಯಿಂದ ಲೆಕ್ಕ ಆರಂಭಿಸುತ್ತಾರೆ. ಪಾನೀಯದಿಂದ ಆರಂಭಿಸುವುದು ಲೇಸೆಂಬುದು ನನ್ನ ಅಭಿಪ್ರಾಯ. ಚೈತ್ರ ಶುದ್ಧ ಪಾಡ್ಯ ಬರುವುದು ಮಾರ್ಚ್ ಉತ್ತರಾರ್ಧದಿಂದ ಏಪ್ರಿಲ್ ಮಧ್ಯದೊಳಗೆ. ಬಿಸಿಲಿನಲ್ಲಿ ನಡೆದು ಬಂದವರಿಗೆ ಮೊದಲು ಬೇಕಾಗುವುದು ತಣ್ಣನೆಯ ಒಂದು ಲೋಟವೇ ಹೊರತು ಸಿಹಿಯಲ್ಲ. ತಲೆಗೆ ಎರಡು ಲೋಟದಂತೆ ಇಪ್ಪತ್ತೈದು ಜನರಿಗೆ 12 ಲೀಟರ್ ಬೇಕಾಗುತ್ತದೆ. ಅದರಲ್ಲಿ ಅರ್ಧ ಪಾನಕವೂ ಅರ್ಧ ನೀರುಮಜ್ಜಿಗೆಯೂ ಇದ್ದರೆ ಸಕ್ಕರೆ ಕಾಯಿಲೆಯವರು ಮುಜುಗರವಿಲ್ಲದೆ ಮಜ್ಜಿಗೆಯ ಕಡೆಗೆ ಕೈ ಚಾಚಬಹುದು.

ಆರು ಲೀಟರ್ ಪಾನಕಕ್ಕೆ ಮುಕ್ಕಾಲು ಕಿಲೋ ಬೆಲ್ಲ, ಆರೇಳು ನಿಂಬೆಹಣ್ಣು, ಜಜ್ಜಿದ ಶುಂಠಿ, ಏಲಕ್ಕಿ ಮತ್ತು ಸ್ವಲ್ಪ ಕಾಳುಮೆಣಸಿನ ಪುಡಿ ಸಾಕು. ಬೆಲ್ಲವನ್ನು ಕರಗಿಸಿದ ಮೇಲೆ ಬಟ್ಟೆಯಲ್ಲಿ ಸೋಸಲೇಬೇಕು. ಎಷ್ಟೇ ಒಳ್ಳೆಯ ಬೆಲ್ಲವಾದರೂ ಲೋಟದ ತಳದಲ್ಲಿ ಮರಳು ಸಿಕ್ಕರೆ ಅತಿಥಿ ಎರಡನೆಯ ಲೋಟ ಕೇಳುವುದಿಲ್ಲ. ಮಜ್ಜಿಗೆಗೆ ಒಂದೂವರೆ ಲೀಟರ್ ಮೊಸರಿಗೆ ನಾಲ್ಕೂವರೆ ಲೀಟರ್ ನೀರು ಹಿಡಿಯುತ್ತದೆ. ಮೊಸರು ಹುಳಿಯಾಗಿದ್ದರೆ ನೀರನ್ನು ಇನ್ನಷ್ಟು ಹೆಚ್ಚಿಸುವುದರಿಂದ ಹುಳಿ ಹೋಗದೆ ರುಚಿಯಷ್ಟೇ ಹೋಗುತ್ತದೆ. ಆದ್ದರಿಂದ ಹಿಂದಿನ ರಾತ್ರಿ ಹೆಪ್ಪು ಹಾಕಿದ ಹೊಸ ಮೊಸರನ್ನೇ ಬಳಸಬೇಕು.

ಬೇವು ಬೆಲ್ಲವನ್ನು ಹೇಗೆ ಕೊಡುವುದೆಂಬುದು ಮನೆತನದ ರೂಢಿಗೆ ಬಿಟ್ಟದ್ದು. ಹಳೆ ಮೈಸೂರಿನ ಕಡೆ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡರೆ, ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಅದನ್ನು ಹುಣಸೆ ಮತ್ತು ಬೆಲ್ಲದ ನೀರಿನಲ್ಲಿ ಕದಡಿ ಕುಡಿಯುವಷ್ಟು ತೆಳುವಾಗಿ ಮಾಡುತ್ತಾರೆ. ಎರಡೂ ಕಡೆಯ ಬಂಧುಗಳು ಬರುವುದಾದರೆ ಎರಡನ್ನೂ ಇಡುವುದು ಶ್ರಮದ ಕೆಲಸವೇನಲ್ಲ.

ಊಟದ ಪದಾರ್ಥಗಳನ್ನು ಆರಿಸುವಾಗ ಒಂದರಿಂದ ಇನ್ನೊಂದು ಹುಟ್ಟುವಂತೆ ನೋಡಿಕೊಂಡರೆ ಅಡುಗೆಮನೆಯ ಹೊರೆ ಅರ್ಧಕ್ಕಿಳಿಯುತ್ತದೆ. ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟು ಸಾರಾಗುತ್ತದೆ. ಅದೇ ಸಾರಿಗೆ ಒಂದು ಹಿಡಿ ಹೂರಣ ಸೇರಿದರೆ ಬೇರೆ ತೊವ್ವೆಯಾಗಲಿ, ಹುಳಿಯಾಗಲಿ ಬೇಕಾಗುವುದಿಲ್ಲ. ಇದರ ಜೊತೆಗೆ ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಒಂದು ಪಲ್ಯ, ಹಪ್ಪಳ ಮತ್ತು ಮೊಸರನ್ನ ಇದ್ದರೆ ಎಲೆ ತುಂಬುತ್ತದೆ. ಎರಡನೆಯ ಸಿಹಿಯನ್ನು ಸೇರಿಸುವ ಆಸೆಯನ್ನು ಬಿಡುವುದು ಮೇಲು, ಏಕೆಂದರೆ ಹೋಳಿಗೆ ಇರುವ ಎಲೆಯಲ್ಲಿ ಪಾಯಸ ಉಳಿಯುವುದನ್ನು ನಾನು ಹಲವು ಹಬ್ಬಗಳಲ್ಲಿ ಕಂಡಿದ್ದೇನೆ.

ಹೋಳಿಗೆ ತಲೆಗೆ ಎರಡರಂತೆ 50 ಬೇಕು. ಒಂದು ಕಿಲೋ ಬೇಳೆಗೆ ಗಾತ್ರಕ್ಕನುಗುಣವಾಗಿ 40ರಿಂದ 45 ಹೋಳಿಗೆ ಆಗುವುದರಿಂದ ಒಂದೂಕಾಲು ಕಿಲೋ ಬೇಳೆಯೂ ಸುಮಾರು ಅಷ್ಟೇ ತೂಕದ ಬೆಲ್ಲವೂ ಸಾಕಾಗುತ್ತವೆ. ತೊಗರಿಬೇಳೆಯೋ ಕಡಲೆಬೇಳೆಯೋ ಎಂಬ ಹಳೆಯ ವ್ಯಾಜ್ಯಕ್ಕೆ ಇಲ್ಲಿ ಕೈಹಾಕುವುದಿಲ್ಲ. ಬೇಳೆ ಬೆರಳ ನಡುವೆ ಒತ್ತಿದರೆ ನುಣ್ಣಗಾಗಬೇಕು, ಆದರೆ ಪಾತ್ರೆಯಲ್ಲಿ ಬಿಡಿಬಿಡಿಯಾಗಿಯೇ ಕಾಣಬೇಕು. ಕಟ್ಟನ್ನು ಪೂರ್ತಿ ಬಸಿಯದೆ ಬೆಲ್ಲ ಹಾಕಿದರೆ ಹೂರಣ ಸಡಿಲವಾಗಿ ಲಟ್ಟಿಸುವಾಗ ಕಣಕವನ್ನು ಹರಿದು ಹೊರಬರುತ್ತದೆ. ಹಾಗಾದಾಗ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮಗುಚುತ್ತಾ, ಉಂಡೆ ಕಟ್ಟಿದರೆ ಅಂಗೈಗೆ ಅಂಟದಷ್ಟು ಗಟ್ಟಿಯಾಗುವವರೆಗೆ ಕಾಯಬೇಕು. ಹೂರಣವನ್ನು ಹಿಂದಿನ ದಿನವೇ ರುಬ್ಬಿ ಫ್ರಿಜ್‌ನಲ್ಲಿ ಇಡಬಹುದು. ಕಣಕವನ್ನು ಮಾತ್ರ ಬೆಳಿಗ್ಗೆ ಕಲಸಿ, ಎಣ್ಣೆಯಲ್ಲಿ ಎರಡು ಮೂರು ಗಂಟೆ ನೆನೆಯಲು ಬಿಡಬೇಕು.

ಅಕ್ಕಿ ಚಿತ್ರಾನ್ನಕ್ಕೆ ಒಂದು ಕಿಲೋ, ಅನ್ನಕ್ಕೆ ಮತ್ತು ಮೊಸರನ್ನಕ್ಕೆ ಒಟ್ಟು ಒಂದೂವರೆ ಕಿಲೋ ಇರಲಿ. ಮಾವಿನಕಾಯಿಯನ್ನು ಅಂಗಡಿಯಲ್ಲೇ ಒಂದು ಚೂರು ಕಡಿದು ನೋಡಿ ಕೊಳ್ಳುವುದಕ್ಕೆ ಸಂಕೋಚ ಬೇಡ. ಹುಳಿಯಿಲ್ಲದ ಕಾಯಿಯ ಚಿತ್ರಾನ್ನವನ್ನು ನಿಂಬೆರಸ ಹಿಂಡಿ ಉಳಿಸಲಾಗುವುದಿಲ್ಲ. ಕೋಸಂಬರಿಗೆ ಬೇಳೆ ನೆನೆದು, ಸೌತೆಕಾಯಿ ಹೆಚ್ಚಿ, ತೆಂಗಿನತುರಿ ಬೆರೆತು ಸಿದ್ಧವಾಗಿದ್ದರೂ ಉಪ್ಪನ್ನು ಎಲೆ ಹಾಕಿದ ಮೇಲೆಯೇ ಹಾಕಬೇಕು. ಒಂದು ವರ್ಷ ಬೆಳಿಗ್ಗೆ ಹತ್ತಕ್ಕೇ ಉಪ್ಪು ಹಾಕಿ ಮುಗಿಸಿದ ನನಗೆ, ಒಂದೂವರೆಗೆ ಬಡಿಸಲು ಹೋದಾಗ ಪಾತ್ರೆಯಲ್ಲಿ ಸಿಕ್ಕಿದ್ದು ನೀರಿನಲ್ಲಿ ತೇಲುವ ಬೇಳೆ.

ಕರೆಯುವಾಗಲೇ ಯಾರು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ, ಯಾರಿಗೆ ಕಡಲೆಕಾಯಿ ಆಗುವುದಿಲ್ಲ ಎಂದು ಕೇಳಿಟ್ಟುಕೊಳ್ಳುವುದು ಒಳಿತು. ಚಿತ್ರಾನ್ನದ ಒಗ್ಗರಣೆಯಲ್ಲಿ ಕಡಲೆಬೀಜ ಸಾಮಾನ್ಯ. ಮರುದಿನದ ಹೊಸತೊಡಕಿಗೆ ಕರೆಯುವುದಾದರೆ ಅದು ಮಾಂಸದೂಟ, ಅದರ ಲೆಕ್ಕವೇ ಬೇರೆ.

ಬಿಸಿಲಿನ ದಿನದಲ್ಲಿ ತೆಂಗಿನಕಾಯಿ ಬಿದ್ದ ಯಾವುದನ್ನೂ ಮಧ್ಯಾಹ್ನದಿಂದ ಸಂಜೆಯವರೆಗೆ ಹೊರಗೆ ಇಡಬಾರದು. ಕೋಸಂಬರಿ ಉಳಿಯದಷ್ಟೇ ಮಾಡಬೇಕು, ಉಳಿದ ಚಿತ್ರಾನ್ನವನ್ನು ಊಟ ಮುಗಿದ ಕೂಡಲೇ ಫ್ರಿಜ್‌ಗೆ ಸೇರಿಸಬೇಕು, ಸಾರನ್ನೂ ಆರಿದೊಡನೆ ಒಳಗಿಟ್ಟು ರಾತ್ರಿ ಮತ್ತೆ ಕುದಿಸಿ ಬಡಿಸಬೇಕು. ಹೋಳಿಗೆಯನ್ನು ನೆಂಟರ ಕೈಯಲ್ಲಿ ಕಳುಹಿಸುವುದಾದರೆ ಬಿಸಿಯಾಗಿರುವಾಗ ಪೇರಿಸದೆ, ಬಿಡಿಬಿಡಿಯಾಗಿ ಹರಡಿ ಆರಿಸಿ, ನಡುವೆ ಬಾಳೆಎಲೆಯ ತುಂಡು ಇಟ್ಟು ಡಬ್ಬಿಗೆ ಹಾಕಬೇಕು. ಇಲ್ಲದಿದ್ದರೆ ಬೆವರಿ ಒಂದಕ್ಕೊಂದು ಅಂಟಿಕೊಂಡು, ಅವರ ಮನೆ ತಲುಪುವಷ್ಟರಲ್ಲಿ ಬಿಡಿಸಲಾಗದ ಒಂದೇ ಮುದ್ದೆಯಾಗಿರುತ್ತವೆ.