3000ಕ್ಕೇ ಅಂಟಿಕೊಂಡ ಟ್ಯಾಕೋಮೀಟರ್

ಮಾದರಿ ವಿಮಾನದ 0.40 ಘನ ಇಂಚಿನ ಟೂ-ಸ್ಟ್ರೋಕ್ ಗ್ಲೋ ಎಂಜಿನ್ನಿಗೆ (ಕಿಡಿಯ ಬದಲು ಕಾದ ತಂತಿಯಿಂದ ಇಂಧನ ಉರಿಯುವ ಪುಟ್ಟ ಎಂಜಿನ್) 10 ಇಂಚು ವ್ಯಾಸ, 6 ಇಂಚು ಪಿಚ್‌ನ (ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಪ್ರೊಪೆಲ್ಲರ್ ಹಾಕಿ ಮನೆಯ ಶೆಡ್ಡಿನ ಬಾಗಿಲಲ್ಲಿ ಓಡಿಸುತ್ತಿದ್ದೆ. ಥ್ರಾಟಲ್ ಪೂರ್ತಿ ತೆರೆದರೂ ಟ್ಯಾಕೋಮೀಟರ್ ನಿಮಿಷಕ್ಕೆ 3000 ಸುತ್ತು ಎಂದೇ ತೋರಿಸುತ್ತಿತ್ತು. ಎಂಜಿನ್ನಿನ ಕೂಗು ಕೇಳಿದರೆ ಅದನ್ನು ನಂಬುವಂತೆಯೇ ಇರಲಿಲ್ಲ. ಬ್ಯಾಟರಿ ಬದಲಿಸಿದೆ, ಎರಡು ಸಂಜೆ ಇಂಧನದ ಪ್ರಮಾಣ ಹೊಂದಿಸುವ ನೀಡಲ್ ವಾಲ್ವ್ ತಿರುಗಿಸುತ್ತಾ ಕಳೆದೆ.

ಮೂರನೆಯ ಸಂಜೆ ಎಂಜಿನ್ ನಿಂತ ಮೇಲೂ ಪರದೆಯಲ್ಲಿ ಅದೇ 3000 ಉಳಿದಿತ್ತು. ಆಗ ತಲೆಯೆತ್ತಿ ಮೇಲಿನ ಹಳೆಯ ಟ್ಯೂಬ್‌ಲೈಟ್ ನೋಡಿದೆ. ಅಲಗುಗಳು ಹಾದುಹೋಗುವಾಗ ಆಗುವ ಬೆಳಕಿನ ಏರಿಳಿತವನ್ನು ಈ ಮೀಟರ್ ಎಣಿಸಿ, ಅಲಗುಗಳ ಸಂಖ್ಯೆಯಿಂದ ಭಾಗಿಸುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್. ಚೋಕ್ ಇರುವ ಟ್ಯೂಬ್ ಸೆಕೆಂಡಿಗೆ 100 ಬಾರಿ, ನಿಮಿಷಕ್ಕೆ 6000 ಬಾರಿ ಮಿನುಗುತ್ತದೆ. ಎರಡು ಅಲಗಿನ ಲೆಕ್ಕಕ್ಕೆ ಅದನ್ನು ಭಾಗಿಸಿದರೆ ಸರಿಯಾಗಿ 3000! ಮೀಟರ್ ಕೆಟ್ಟಿರಲಿಲ್ಲ, ದೀಪವನ್ನು ಅಳೆಯುತ್ತಿತ್ತು. ಅದರ ನಿಖರತೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೇ?

ಮರುದಿನ ಬಯಲಲ್ಲಿ, ಬಿಸಿಲಿನಲ್ಲಿ, ಪ್ರೊಪೆಲ್ಲರಿನ ಹಿಂದೆ ನಿಂತು ಹಿಡಿದೆ: 11,400. ಅಲಗು ತಿರುಗುವ ಸಮತಲದಲ್ಲಿ ಮಾತ್ರ ಯಾರೂ ನಿಲ್ಲಬೇಡಿ, ಮುರಿದ ಚೂರು ಹಾರುವುದು ಆ ದಿಕ್ಕಿಗೇ. ಖಾತರಿಗಾಗಿ ಮೊಬೈಲಿನಲ್ಲಿ ಶಬ್ದ ದಾಖಲಿಸಿ ಆವರ್ತನ ನೋಡಿದೆ. ಟೂ-ಸ್ಟ್ರೋಕ್ ಎಂಜಿನ್ ಸುತ್ತಿಗೊಮ್ಮೆ ಉರಿಯುತ್ತದೆ. 190 ಹರ್ಟ್ಸನ್ನು 60ರಿಂದ ಗುಣಿಸಿದರೆ ಅದೇ 11,400.

ಮೂರು ಅಲಗಿನ ಪ್ರೊಪೆಲ್ಲರ್ ಇದ್ದರೆ ಮೀಟರಿನ ಗುಂಡಿಯನ್ನು ಮೂರಕ್ಕೆ ಬದಲಿಸಿ. ಇಲ್ಲವಾದರೆ 10,000 ಇರುವುದು 15,000 ಎಂದು ಕಾಣುತ್ತದೆ.