ಮಲೆನಾಡಿನ ಮನೆಮಂದಿಗೆ ಯಾವ ಹಡಗು? ಊಟ, ಸೇವೆ, ದುಡ್ಡಿನ ಲೆಕ್ಕ

ಕ್ರೂಸ್ ಆರಿಸುವಾಗ ಎಲ್ಲರೂ ಮೊದಲು ಕೇಳುವುದು ಹಡಗು ಎಷ್ಟು ದೊಡ್ಡದು, ಈಜುಕೊಳ ಎಷ್ಟಿವೆ ಅಂತ. ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ನಮ್ಮ ಮನೆಯಲ್ಲಿ ಊಟದ ವಿಷಯದಲ್ಲಿ ಅತಿ ಕಷ್ಟದವರು ಯಾರು? ಅವರಿಗೆ ಆ ಹಡಗಿನಲ್ಲಿ ಬೆಳಿಗ್ಗೆ ಏಳೂವರೆಗೆ ತಿನ್ನಲು ಏನು ಸಿಗುತ್ತದೆ? ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಹೋಲಿಕೆ ಮುಗಿಯಿತು. ಇನ್ನರ್ಧ, ಇಳಿಯುವ ದಿನ ಕೈಗೆ ಬರುವ ಬಿಲ್ಲು.

ನಾವು ಸಾಗರದ ಹತ್ತಿರದವರು, ಅಡಿಕೆ ತೋಟದ ಮನೆ. ಅಪ್ಪಯ್ಯ, ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು. ಅಮ್ಮ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅಪ್ಪಯ್ಯನಿಗೆ ಊಟಕ್ಕಿಂತ ಊಟ ಆದಮೇಲಿನ ಕವಳ, ಅಂದರೆ ಎಲೆ ಅಡಿಕೆ, ಮುಖ್ಯ. ಮಗಳಿಗೆ ಎಲ್ಲವೂ ಆಗುತ್ತದೆ. ಮಗನಿಗೆ ಮೊಸರನ್ನ, ಇಲ್ಲದಿದ್ದರೆ ಫ್ರೆಂಚ್ ಫ್ರೈಸ್, ಅಷ್ಟೇ. ಹೆಂಡತಿಗೆ ಬೇಕಾಗಿದ್ದು ಅಡುಗೆಮನೆಯಿಂದ ರಜೆ. ನಮ್ಮ ಕಡೆ ಹಡಗಿನ ಪ್ರಯಾಣ ಅಂದರೆ ಶರಾವತಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆದಮೇಲೆ ಅದಕ್ಕೂ ಕಾಯುವ ಕೆಲಸ ತಪ್ಪಿತು. ಇಂಥ ಮನೆಮಂದಿಯನ್ನು ಕಟ್ಟಿಕೊಂಡು ಮುಂಬೈಯಿಂದ ಕಾರ್ಡೆಲಿಯಾ, ಸಿಂಗಪುರದಿಂದ ಜೆಂಟಿಂಗ್ ಡ್ರೀಮ್ ಮತ್ತು ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಹೋಗಿ ಬಂದಿದ್ದೇನೆ.

ಕಾರ್ಡೆಲಿಯಾ ಮೊದಲು. 2021ರಲ್ಲಿ ಮುಂಬೈಯಿಂದ ಶುರುವಾದ ಕಂಪನಿ. ಅವರ ಎಂಪ್ರೆಸ್ ಹಡಗು 1990ರಲ್ಲಿ ಕಟ್ಟಿದ್ದು, ಹಿಂದೆ ರಾಯಲ್ ಕೆರಿಬಿಯನ್ ಬಳಿಯೇ ಇತ್ತು. ಈಗಿನ ದೈತ್ಯ ಹಡಗುಗಳ ಮುಂದೆ ಅದು ಚಿಕ್ಕದು. ಆದರೆ ನಮ್ಮಂಥವರಿಗೆ ಚಿಕ್ಕದಾಗಿರುವುದೇ ಅನುಕೂಲ. ಅಪ್ಪಯ್ಯ ಎರಡನೇ ದಿನವೇ ಯಾರನ್ನೂ ಕೇಳದೆ ತನ್ನ ಕೋಣೆಗೆ ತಾನೇ ಹೋಗಿ ಬಂದರು. ಗೋವಾ, ಲಕ್ಷದ್ವೀಪದ ಕಡೆಗೆ ಹೋಗುವುದಾದರೆ ಪಾಸ್‌ಪೋರ್ಟ್ ಬೇಡ, ಆಧಾರ್ ಸಾಕು. ಇನ್ನೊಂದು ಅನುಕೂಲ ಘಟ್ಟದ ಮೇಲಿನವರಿಗೆ ಮಾತ್ರ ಗೊತ್ತಾಗುವಂಥದ್ದು. ನಾಗೋಡಿ ಘಾಟಿ ಇಳಿದು, ಕೊಲ್ಲೂರಿನಲ್ಲಿ ಕೈಮುಗಿದು, ಬೈಂದೂರಿನಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಮುಂಬೈ. ಬೆಂಗಳೂರಿಗೆ ಹೋಗಿ ವಿಮಾನ ಹಿಡಿಯುವ ತಾಪತ್ರಯ ಇಲ್ಲ.

ಊಟದಲ್ಲಿ ಕಾರ್ಡೆಲಿಯಾಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಹಡಗಿನ ಹೆಚ್ಚಿನ ಪ್ರಯಾಣಿಕರು ನಮ್ಮವರೇ. ಹಾಗಾಗಿ ಅಡುಗೆಯೂ ನಮ್ಮವರ ನಾಲಿಗೆಗೆ ಹೊಂದುವಂತಿದೆ. ಜೈನ ಊಟ ಕೇಳಿದರೆ ಯಾರೂ ಮುಖ ನೋಡುವುದಿಲ್ಲ, ಗುಜರಾತಿ ಕುಟುಂಬಗಳೇ ಅಷ್ಟು ಇರುತ್ತವೆ. ಆದರೆ ಒಂದು ವಿಷಯ ಗೊತ್ತಿರಲಿ. ಈರುಳ್ಳಿ ಬೆಳ್ಳುಳ್ಳಿ ಬೇಡ ಅಂತ ಜೈನ ಊಟ ಬರೆಸಿದರೆ ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್ ಕೂಡ ಹೋಗುತ್ತವೆ. ನೆಲದೊಳಗೆ ಬೆಳೆಯುವುದು ಏನೂ ಇರುವುದಿಲ್ಲ. ಆಲೂಗಡ್ಡೆ ಪಲ್ಯ ಇಷ್ಟಪಡುವ ಅಮ್ಮನಿಗೆ ಇದು ಶಿಕ್ಷೆ. ಹಾಗಾಗಿ ಬುಕಿಂಗ್‌ನಲ್ಲಿ ಜೈನ ಅಂತಲೇ ಬರೆಸಿ, ಹಡಗು ಹತ್ತಿದ ಸಂಜೆಯೇ ಊಟದ ಹಾಲ್‌ನ ಮೇಲ್ವಿಚಾರಕರನ್ನು ಹುಡುಕಿ, 'ಅಮ್ಮ ಗಡ್ಡೆ ತರಕಾರಿ ತಿನ್ನುತ್ತಾರೆ, ಈರುಳ್ಳಿ ಬೆಳ್ಳುಳ್ಳಿ ಮಾತ್ರ ಬೇಡ' ಎಂದು ಬಾಯಿಬಿಟ್ಟು ಹೇಳುತ್ತೇನೆ. ಇದು ಎಲ್ಲ ಹಡಗಿನಲ್ಲೂ ಕೆಲಸ ಮಾಡಿದೆ.

ಜೆಂಟಿಂಗ್ ಡ್ರೀಮ್ ಬೇರೆಯದೇ ಅಳತೆ. ರೆಸಾರ್ಟ್ಸ್ ವರ್ಲ್ಡ್ ಕ್ರೂಸಸ್ ಇದನ್ನು 2022ರಿಂದ ಸಿಂಗಪುರದಿಂದ ಓಡಿಸುತ್ತಿದೆ, 2025ರಲ್ಲಿ ಕಂಪನಿ ಸ್ಟಾರ್‌ಡ್ರೀಮ್ ಕ್ರೂಸಸ್ ಅಂತ ಹೆಸರು ಬದಲಿಸಿಕೊಂಡಿತು. ಸುಮಾರು 1,51,000 ಟನ್ನಿನ ಹಡಗು, ಮೂರು ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತದೆ. 2 ರಾತ್ರಿ, 3 ರಾತ್ರಿಯ ಚಿಕ್ಕ ಪ್ರಯಾಣಗಳೇ ಜಾಸ್ತಿ. ಪೋರ್ಟ್ ಕ್ಲಾಂಗ್, ಪೆನಾಂಗ್, ಫುಕೆಟ್ ಕಡೆ ಹೋಗುತ್ತದೆ. ಭಾರತದಿಂದ ಬರುವವರು ಬಹಳ ಇರುವುದರಿಂದ ಸಸ್ಯಾಹಾರ, ಜೈನ ಊಟ ಎರಡಕ್ಕೂ ವ್ಯವಸ್ಥೆ ಇದೆ. ಮಕ್ಕಳಿಗೆ ನೀರಿನ ಜಾರುಬಂಡೆ, ಹಗ್ಗದ ಮೇಲೆ ನಡೆಯುವ ಆಟ. ಮಗಳನ್ನು ಅಲ್ಲಿಂದ ಊಟಕ್ಕೆ ಎಬ್ಬಿಸಿಕೊಂಡು ಬರುವುದೇ ಒಂದು ಕೆಲಸ. ಮೊದಲ ಸಲ ವಿದೇಶಿ ಹಡಗು ಹತ್ತುವವರಿಗೆ ನಾನು ಹೇಳುವುದು ಇದನ್ನೇ.

ರಾಯಲ್ ಕೆರಿಬಿಯನ್ ಸಿಂಗಪುರಕ್ಕೆ ತರುತ್ತಿದ್ದದ್ದು ಹೆಚ್ಚಾಗಿ ಕ್ವಾಂಟಮ್ ಕ್ಲಾಸ್ ಹಡಗುಗಳು. ಒಂದೊಂದರಲ್ಲಿ ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ ನಾಲ್ಕು ಸಾವಿರ ಜನ ದಾಟುತ್ತಾರೆ. ಸಮುದ್ರದ ಮೇಲೆ ಎತ್ತಿ ತೋರಿಸುವ ಗಾಜಿನ ಗೂಡು, ಬಂಪರ್ ಕಾರು, ಗಾಳಿಯಲ್ಲಿ ತೇಲುವ ಯಂತ್ರ ಎಲ್ಲ ಇವೆ. ಇವುಗಳಲ್ಲಿ ಕೆಲವು ಟಿಕೆಟ್ಟಿನಲ್ಲೇ ಸೇರಿವೆ, ಕೆಲವಕ್ಕೆ ಬೇರೆ ದುಡ್ಡು. ಆ್ಯಪ್‌ನಲ್ಲಿ ನೋಡಿಕೊಂಡೇ ಮಕ್ಕಳಿಗೆ ಮಾತು ಕೊಡಬೇಕು. ನನಗೆ ಹೆಚ್ಚು ಇಷ್ಟವಾದದ್ದು ಮಕ್ಕಳ ಕ್ಲಬ್. 3 ವರ್ಷ ದಾಟಿ, ಡೈಪರ್ ಬಿಟ್ಟಿರುವ ಮಕ್ಕಳನ್ನು ಹಗಲು ಹೊತ್ತು ಉಚಿತವಾಗಿ ನೋಡಿಕೊಳ್ಳುತ್ತಾರೆ. ಹೆಂಡತಿ ಡೆಕ್ ಮೇಲೆ ಕಾಲು ಚಾಚಿ ಕೂತು, 'ರೀ, ಇನ್ನೊಂದು ಗಂಟೆ ನನ್ನನ್ನು ಯಾರೂ ಕರೀಬೇಡಿ' ಎಂದದ್ದು ಆಗಲೇ.

ಅಲ್ಲಿ ಕಿಟಕಿಯಿಲ್ಲದ ಒಳಕೋಣೆಗಳಿಗೂ ಗೋಡೆಯುದ್ದ ಒಂದು ಪರದೆ ಇರುತ್ತದೆ. ಹೊರಗಿನ ಸಮುದ್ರವನ್ನು ಕ್ಯಾಮೆರಾ ಹಿಡಿದು ಆಗಿಂದಾಗಲೇ ಅದರಲ್ಲಿ ತೋರಿಸುತ್ತದೆ. ದುಡ್ಡು ಉಳಿಸಲು ಅಪ್ಪಯ್ಯ ಅಮ್ಮನಿಗೆ ಅದನ್ನೇ ತೆಗೆದುಕೊಂಡಿದ್ದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, 'ಎಂತ ಮಾರಾಯ, ಕಿಟಕಿ ಅಂದೆ, ಇದು ಟಿವಿ ಅಲ್ವಾ?' ಅಂದರು. ಆಮೇಲೆ ಅವರೇ ರಾತ್ರಿ ಅದನ್ನು ಆರಿಸಲು ಬಿಡಲಿಲ್ಲವಂತೆ. ಬಾಲ್ಕನಿ ಕೋಣೆಗೂ ಒಳಕೋಣೆಗೂ ದರದಲ್ಲಿ ದೊಡ್ಡ ಅಂತರ ಇರುತ್ತದೆ. ಚಿಕ್ಕ ಪ್ರಯಾಣಕ್ಕೆ ಬಾಲ್ಕನಿ ದಂಡ ಅನ್ನುವುದು ನನ್ನ ಅಭಿಪ್ರಾಯ. ಕೋಣೆಯಲ್ಲಿ ಇರುವುದೇ ಮಲಗಲು.

ಈಗ ಬೆಳಗಿನ ತಿಂಡಿ. ಸಿಂಗಪುರದ ಹಡಗುಗಳ ಬಫೆಯಲ್ಲಿ ಮೊಟ್ಟೆ, ಬ್ರೆಡ್ಡು, ಹಣ್ಣು, ನೂಡಲ್ಸ್ ಎಲ್ಲ ದಾಟಿ ಹೋದರೆ ಮೂಲೆಯಲ್ಲಿ ಒಂದು ದೊಡ್ಡ ಪಾತ್ರೆ ಹಬೆಯಾಡುತ್ತಾ ಇರುತ್ತದೆ. ಬೋರ್ಡಿನಲ್ಲಿ ಕಾಂಜಿ ಅಂತ ಬರೆದಿರುತ್ತದೆ. ಚೀನಿಯರು ಬೆಳಿಗ್ಗೆ ಎದ್ದು ಕುಡಿಯುವ ಅಕ್ಕಿ ಗಂಜಿ. ಅಮ್ಮನಿಗೆ ಅದನ್ನು ತೋರಿಸಿದೆ. ಸೌಟು ಎತ್ತಿ, ಹದ ನೋಡಿ, 'ಚೂರು ಜಾಸ್ತಿ ಬೆಂದಿದೆ' ಅಂದರು. ಬಟ್ಟಲಿಗೆ ಹಾಕಿಸಿಕೊಂಡು, ಉಪ್ಪು ಉದುರಿಸಿ, ಬ್ಯಾಗಿನಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಪುಟ್ಟ ಪ್ಯಾಕೆಟ್ ತೆಗೆದರು. ಮಗನೂ ಬಂದು ಪಕ್ಕದಲ್ಲಿ ಕೂತ. ಅಲ್ಲಿಂದ ಮುಂದೆ ಬೆಳಗಿನ ಚಿಂತೆ ಮುಗಿಯಿತು. ಆದರೆ ಕೇಳದೆ ಹಾಕಿಸಿಕೊಳ್ಳಬೇಡಿ. ಕೆಲವು ಸಲ ಗಂಜಿಯನ್ನೇ ಕೋಳಿ ಸಾರಿನಲ್ಲಿ ಬೇಯಿಸಿರುತ್ತಾರೆ. ಬರೀ ನೀರಿನಲ್ಲಿ ಬೇಯಿಸಿದ್ದು ಹೌದೋ ಅಂತ ಅಡುಗೆಯವರನ್ನೇ ಕೇಳಬೇಕು.

ರಾತ್ರಿ ಊಟಕ್ಕೆ ಬಫೆಗಿಂತ ಕೂತು ತಿನ್ನುವ ದೊಡ್ಡ ಹಾಲ್ ವಾಸಿ. ಅದೂ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಬಹಳ ಜನ ಅಲ್ಲಿ ಕೋಟು ಹಾಕಬೇಕೇನೋ ಅಂತ ಹೆದರಿ ಹೋಗುವುದೇ ಇಲ್ಲ. ಒಂದು ಒಳ್ಳೆಯ ಶರ್ಟು, ಪ್ಯಾಂಟು ಸಾಕು. ಅಮ್ಮನ ಸೀರೆಗಂತೂ ಅಲ್ಲಿ ಭಾರೀ ಮರ್ಯಾದೆ. ರಾಯಲ್ ಕೆರಿಬಿಯನ್‌ನಲ್ಲಿ ನಿಗದಿತ ಸಮಯದ ಊಟ ಆರಿಸಿಕೊಂಡಿದ್ದೆವು. ಹಾಗೆ ಮಾಡಿದರೆ ದಿನವೂ ಅದೇ ಮೇಜು, ಅದೇ ಬಡಿಸುವವರು. ಮೊದಲ ರಾತ್ರಿ ಮುಖ್ಯ ವೇಟರ್‌ಗೆ ಅಮ್ಮನ ಪಥ್ಯ ಹೇಳಿದೆವು. ಅವರು ಮಾರನೆಯ ರಾತ್ರಿಯ ಮೆನು ತಂದು ಅಮ್ಮನ ಮುಂದೆ ಇಟ್ಟು, ಯಾವುದು ಬೇಕು ಅಂತ ಆಗಲೇ ಕೇಳಿಕೊಂಡು ಹೋದರು. ಮೆನುವಿನಲ್ಲಿ ಇಲ್ಲದ ದಾಲ್, ಪಲ್ಯ, ಅನ್ನ, ಮೊಸರು ಮರುದಿನ ಮೇಜಿಗೆ ಬಂದವು. ಮಗನ ಮೊಸರನ್ನವೂ ಬಂತು, ಒಗ್ಗರಣೆ ಇಲ್ಲದೆ. ಬಫೆಯಲ್ಲಿ ಎಷ್ಟೇ ಬಗೆ ಇದ್ದರೂ ಯಾರೂ ಹೀಗೆ ವಿಚಾರಿಸುವುದಿಲ್ಲ. ನನ್ನ ಪ್ರಕಾರ ಸೇವೆ ಅಳೆಯಬೇಕಾದದ್ದು ಇಲ್ಲಿ. ಟವೆಲ್ಲಿನಲ್ಲಿ ಆನೆ, ಮಂಗ ಮಾಡಿ ಹಾಸಿಗೆ ಮೇಲೆ ಇಡುವುದು ಮಕ್ಕಳಿಗೆ ಖುಷಿ, ಅಷ್ಟೇ.

ಕಾಫಿ ಮಾತ್ರ ಎಲ್ಲೂ ಆಗಲಿಲ್ಲ. ಚಿಕ್ಕಮಗಳೂರಿನ ಪುಡಿ ಹಾಕಿದ ಕಾಫಿ ಕುಡಿದು ಬೆಳೆದವರು ಹಡಗಿನ ಉಚಿತ ಕಾಫಿಯನ್ನು ಕಾಫಿ ಅಂತ ಕರೆಯಲಾರರು. ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆಯಂಥ ಬಿಸಿಯಾಗುವ ಸಾಮಾನು ಒಯ್ಯಲು ಬಿಡುವುದಿಲ್ಲ, ಬೆಂಕಿಯ ಭಯ. ಮನೆಯಲ್ಲಿ ಮಾಡಿದ ಅಡುಗೆಗೂ ಸಾಮಾನ್ಯವಾಗಿ ಪ್ರವೇಶವಿಲ್ಲ. ಅಂಗಡಿಯಲ್ಲಿ ಸೀಲ್ ಮಾಡಿದ ತಿಂಡಿಯ ಪ್ಯಾಕೆಟ್ಟುಗಳಿಗೆ ನಮಗೆ ತಕರಾರು ಬಂದಿಲ್ಲ.

ಅಪ್ಪಯ್ಯನ ಕವಳದ ಸಂಚಿಯ ಬಗ್ಗೆ ಹೇಳಲೇಬೇಕು. ಶಿವಮೊಗ್ಗ ಜಿಲ್ಲೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಜಗಿಯುವ ತಂಬಾಕನ್ನು ಸಿಂಗಪುರದೊಳಗೆ ತರುವಂತೆಯೇ ಇಲ್ಲ, ಅಲ್ಲಿನ ಕಾನೂನು. ಗುಟ್ಕಾಕ್ಕೂ ಅದೇ ಕಥೆ. ಬೆಂಗಳೂರು ಏರ್‌ಪೋರ್ಟ್‌ಗೆ ಹೊರಡುವ ಮೊದಲೇ ಸಂಚಿ ಕೊಡವಿಸಿ, ಹೊಗೆಸೊಪ್ಪು ಮನೆಯಲ್ಲೇ ಇಡಿಸಿದೆ. ಅಪ್ಪಯ್ಯ ಲವಂಗ ಜಗಿದುಕೊಂಡು ಸಮುದ್ರ ನೋಡಿದರು, ನನ್ನ ಮುಖ ಮಾತ್ರ ನೋಡಲಿಲ್ಲ.

ಇನ್ನು ದುಡ್ಡು. ಟಿಕೆಟ್ ದರ ಅಂತ ಮೊದಲು ಕಾಣುವ ಸಂಖ್ಯೆ ಅರ್ಧ ಸತ್ಯ. ಅದರ ಮೇಲೆ ಬಂದರು ಶುಲ್ಕ, ತೆರಿಗೆ. ಅದರ ಮೇಲೆ ಟಿಪ್ಸ್. ಹೆಚ್ಚಿನ ವಿದೇಶಿ ಹಡಗುಗಳಲ್ಲಿ ಟಿಪ್ಸ್ ನಾವು ಕೈಯಾರೆ ಕೊಡುವುದಲ್ಲ, ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ತಾನಾಗಿ ಖಾತೆಗೆ ಬೀಳುತ್ತದೆ. ರಾಯಲ್ ಕೆರಿಬಿಯನ್‌ನಲ್ಲಿ ಸಾಮಾನ್ಯ ಕೋಣೆಗೆ ಅದು ಒಬ್ಬರಿಗೆ ದಿನಕ್ಕೆ 18 ಡಾಲರ್ ಆಸುಪಾಸು. ಮಕ್ಕಳಿಗೂ ಅಷ್ಟೇ, ರಿಯಾಯಿತಿ ಇಲ್ಲ. ಆರು ಜನ, 3 ರಾತ್ರಿ ಅಂದರೆ 324 ಡಾಲರ್. ನಮ್ಮ ದುಡ್ಡಿನಲ್ಲಿ 27,000 ದಾಟಿತು! ಮೇಲಿಂದ, ದುಡ್ಡು ಕೊಟ್ಟು ತೆಗೆದುಕೊಳ್ಳುವ ಪಾನೀಯಕ್ಕೆ ಇನ್ನೂ 18 ಶೇಕಡಾ ಸೇವಾ ಶುಲ್ಕ. ಮಕ್ಕಳು ಸುಮ್ನೆ ಒಂದು ಕೋಕ್ ಅಂತ ಕೇಳುವುದು ಸಂಜೆಗೆ ದೊಡ್ಡ ಲೆಕ್ಕವಾಗುತ್ತದೆ. ಬಫೆಯಲ್ಲಿ ನೀರು, ಚಹಾ, ಕಾಫಿಗೆ ದುಡ್ಡಿಲ್ಲ.

ಒಬ್ಬ ಏಜೆಂಟರು ನಮಗೆ 'ಎಲ್ಲಾ ಸೇರಿ' ಅಂತ ದರ ಹೇಳಿದ್ದರು. ಹತ್ತಿದ ಮೇಲೆ ನೋಡಿದರೆ ಆ ಎಲ್ಲದರಲ್ಲಿ ಟಿಪ್ಸ್ ಇರಲಿಲ್ಲ. ಕೇಳಿದರೆ, 'ಅದು ಹಡಗಿನವರದು ಸಾರ್, ನಮ್ಮದಲ್ಲ' ಎಂದರು. ಆಮೇಲಿಂದ ದರ ಕೇಳುವಾಗ ಬಂದರು ಶುಲ್ಕ, ಟಿಪ್ಸ್, ವೀಸಾ, ಟಿಸಿಎಸ್ ನಾಲ್ಕನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ವಾಟ್ಸಾಪ್ ಮಾಡಿಸಿಕೊಳ್ಳುತ್ತೇನೆ. ಟಿಸಿಎಸ್ ಅಂದರೆ ವಿದೇಶ ಪ್ರವಾಸದ ದುಡ್ಡಿನ ಮೇಲೆ ಏಜೆಂಟರು ಮುಂಗಡವಾಗಿ ಹಿಡಿಯುವ ತೆರಿಗೆ. ಅದನ್ನು ಹಿಡಿದರೆ ಗಾಬರಿಯಾಗಬೇಡಿ, ಅದು ಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಸರಿಮಾಡಿಕೊಳ್ಳಬಹುದು. ಯಾರ ಪ್ಯಾನ್ ಕೊಡುತ್ತೀರಿ ಅನ್ನುವುದು ಮಾತ್ರ ನೋಡಿಕೊಳ್ಳಿ. ಸಿಂಗಪುರದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವಂಥದ್ದೇ ಇರಬೇಕು, ಹಡಗು ಹೊರಗೆ ಹೋಗಿ ಮತ್ತೆ ಅಲ್ಲಿಗೇ ಬರುತ್ತದಲ್ಲ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ನಮಗೆ ವೀಸಾ ಇಲ್ಲದೆ ಬಿಡುತ್ತಿದೆ.

ವಿಮಾನ, ಹೋಟೆಲ್ ಎಲ್ಲ ಕೂಡಿಸಿ ತಲೆಗೆ ರಾತ್ರಿಗೆ ಎಷ್ಟು ಬಿತ್ತು ಅಂತ ಭಾಗಿಸಿದರೆ ಸಿಂಗಪುರ ನಮಗೆ ಮುಂಬೈಯ ಎರಡರಷ್ಟು ದಾಟಿತು. ಹಾಗಾದರೆ ಯಾವುದು ವಾಸಿ? ವಯಸ್ಸಾದವರೇ ಜಾಸ್ತಿ ಇದ್ದರೆ, ಊಟ ಮುಖ್ಯವಾಗಿದ್ದರೆ, ಕಾರ್ಡೆಲಿಯಾ. ಎಂಟು ಹತ್ತು ವರ್ಷದ ಮಕ್ಕಳಿದ್ದು, ಹೇಗೂ ಸಿಂಗಪುರ ನೋಡುವ ಮನಸ್ಸಿದ್ದರೆ ಜೆಂಟಿಂಗ್ ಡ್ರೀಮ್. ದುಡ್ಡು ಸ್ವಲ್ಪ ಸಡಿಲ ಬಿಡಬಹುದಾದರೆ ರಾಯಲ್ ಕೆರಿಬಿಯನ್, ಬಡಿಸುವವರ ಸಲುವಾಗಿ. ತಂಗಿಯ ಮನೆಯವರು ಈಗ ಡಿಸ್ನಿ ಅಡ್ವೆಂಚರ್ ಹೆಸರು ಹಿಡಿದು ಕೂತಿದ್ದಾರೆ. ಅದೂ ಸಿಂಗಪುರವನ್ನೇ ನೆಲೆ ಮಾಡಿಕೊಂಡ ಹಡಗು. ಡಿಸ್ನಿಯಲ್ಲಿ ದಿನಕ್ಕೊಂದು ಊಟದ ಹಾಲ್, ಬಡಿಸುವವರು ನಿಮ್ಮ ಜೊತೆಗೇ ಬರುತ್ತಾರೆ, ಊಟದ ಜೊತೆ ತಂಪು ಪಾನೀಯಕ್ಕೆ ದುಡ್ಡಿಲ್ಲ. ಆದರೆ ಎಲ್ಲೂ ಇಳಿಸುವುದಿಲ್ಲ, ಸಮುದ್ರ ಸುತ್ತಿ ವಾಪಸು. ಊರು ನೋಡಬೇಕು ಅನ್ನುವ ನನ್ನ ಭಾವನಿಗೆ ಇದು ಹೊಂದುವುದಿಲ್ಲ ಅಂತ ಹೇಳಿದ್ದೇನೆ. ಮಕ್ಕಳು ಒಪ್ಪಬೇಕಲ್ಲ.

ಹೊತ್ತು ನೋಡಿ ಹೊರಡಿ. ಮೇ ಮತ್ತು ಡಿಸೆಂಬರ್ ರಜೆಯಲ್ಲಿ ದರ ಮೇಲಿರುತ್ತದೆ. ಡಿಸೆಂಬರ್ ಅಂದರೆ ನಮಗೆ ಕೊಯ್ಲು, ತೋಟ ಬಿಟ್ಟು ಹೋಗುವಂತಿಲ್ಲ; ಮಳೆಗಾಲಕ್ಕೆ ಅಡಿಕೆಗೆ ಬೋರ್ಡೋ ದ್ರಾವಣದ ಸಿಂಪಡಣೆ. ಹಾಗಾಗಿ ಮಾರ್ಚ್ ಕೊನೆ, ಮಕ್ಕಳ ಪರೀಕ್ಷೆ ಮುಗಿದ ವಾರ ನಮಗೆ ಸರಿ. ಘಾಟಿ ತಿರುವಿನಲ್ಲೇ ವಾಂತಿ ಮಾಡುವವರಿದ್ದರೆ ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆ ಕೇಳಿ, ಅಲ್ಲಿ ಓಲಾಟ ಕಡಿಮೆ. ಹಡಗು ಬಿಟ್ಟ ಕೂಡಲೇ ಎಲ್ಲರ ಫೋನೂ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅದು ತಾನಾಗಿ ಹಡಗಿನ ನೆಟ್‌ವರ್ಕ್ ಹಿಡಿದು, ದನ ಕರು ಹಾಕಿತಾ ಅಂತ ಕೇಳಿದ ಒಂದು ಕರೆಗೆ ಕರುವಿನ ಬೆಲೆ ತೆಗೆದುಕೊಳ್ಳುತ್ತದೆ. ಖಾತೆಯಲ್ಲಿ ಏನೇನು ಬಿದ್ದಿದೆ ಅಂತ ಕೋಣೆಯ ಟಿವಿಯಲ್ಲೋ ಆ್ಯಪ್‌ನಲ್ಲೋ ರಾತ್ರಿ ಮಲಗುವ ಮುಂಚೆ ನೋಡಿ. ತಪ್ಪು ಬಿದ್ದಿದ್ದರೆ ಆಗಲೇ ಹೋಗಿ ಹೇಳಿ, ಇಳಿಯುವ ಬೆಳಿಗ್ಗೆ ಆ ಕೌಂಟರಿನ ಮುಂದೆ ಸಾಲು ಲಿಫ್ಟಿನವರೆಗೂ ಇರುತ್ತದೆ.